ಎರಡಿಂಚಿನ ಸಾವ್ಕಾರರು

ಬಳ್ಳಾರಿಯ ಪಾರ್ವತಿನಗರದಲ್ಲಿ ಗೇಟು ಪೂರ್ತಿ ಮುಚ್ಚದ ಮನೆ ಕಂಡರೆ ಒಳಗೊಂದು ಪಿಕಪ್ ನಿಂತಿದೆ ಎಂದುಕೊಳ್ಳಬಹುದು. ಐಸುಜು ವಿ-ಕ್ರಾಸ್ ಆಗಲಿ, ಟೊಯೋಟಾ ಹೈಲಕ್ಸ್ ಆಗಲಿ, ಉದ್ದ 5.3 ಮೀಟರ್ ಆಸುಪಾಸು. ಅಂಗಳ ಕಟ್ಟಿಸಿದ್ದು ಅಪ್ಪಾಜಿ, ಅದೂ 4.3 ಮೀಟರಿನ ಅಂಬಾಸಿಡರ್ ಅಳತೆಗೆ. ಉಳಿದ ಒಂದು ಮೀಟರ್ ಮೂತಿ ಬೀದಿಗೆ ಸೇರಿದ್ದು. ಅದನ್ನು ಸುತ್ತಿಕೊಂಡು ಹೋಗುವುದು ಹಾಲಿನವನಿಗೂ ಪೇಪರಿನ ಹುಡುಗನಿಗೂ ರೂಢಿಯಾಗಿದೆ.

ಗಾಡಿಯ ಯಜಮಾನರಿಗೆ ನಲವತ್ತೈದರ ಪ್ರಾಯ. ಸಿರುಗುಪ್ಪದ ಕಡೆ ಗದ್ದೆ, ಕುರುಗೋಡಿನ ಹತ್ತಿರ ಎರೆಹೊಲ, ಮಕ್ಕಳು ಬೆಂಗಳೂರಿನಲ್ಲಿ. ಹೊಲಕ್ಕೆ ಗೊಬ್ಬರ ಸಾಗಿಸಲು ಅಂತಲೇ ಮನೆಯವರನ್ನು ಒಪ್ಪಿಸಿ ಪಿಕಪ್ ತಂದದ್ದು. ಮೊದಲ ತಿಂಗಳು ಡಿಎಪಿ ಚೀಲವೊಂದು ಹಿಂದಿನ ತೊಟ್ಟಿಯ ಬಣ್ಣ ಗೀರಿತು. ಅವತ್ತೇ ತೊಟ್ಟಿಗೆ ಲೈನರ್ ಬಂತು, ಲೈನರ್ ಮೇಲೆ ಮುಚ್ಚಳ ಬಂತು, ಮುಚ್ಚಳಕ್ಕೆ ಬೀಗ ಬಂತು. ಈಗ ಸುಗ್ಗಿಯಲ್ಲಿ ಭಾವಮೈದುನ ಫೋನ್ ಮಾಡಿ ಭತ್ತದ ಚೀಲ ತರಬೇಕು ಅಂದರೆ, ಸಾವ್ಕಾರರೇ ಮುಂದೆ ನಿಂತು ಒಂದು ಬೊಲೆರೋ ಪಿಕಪ್ ಬಾಡಿಗೆಗೆ ಗೊತ್ತು ಮಾಡಿಕೊಡುತ್ತಾರೆ.

ಅವರಿಗೆ ಸಿಟ್ಟು ಬರುವುದು ಒಂದೇ ಮಾತಿಗೆ. ಪೆಟ್ರೋಲ್ ಬಂಕಿನಲ್ಲಿ ಯಾರಾದರೂ ಹತ್ತಿರ ಬಂದು, ‘ಬಾಡಿಗಿಗೆ ಬರ್ತೈತೇನ್ರೀ ಗಾಡಿ?’ ಅಂದಾಗ. ಬೆರಳು ಮಾಡಿ ಬಿಳಿ ನಂಬರ್ ಪ್ಲೇಟು ತೋರಿಸುತ್ತಾರೆ. ಕೇಳಿದವನು ಅದನ್ನು ನೋಡಿ, ‘ಆಯ್ತು ಬಿಡ್ರಿ, ಡೀಸೆಲ್ ಹಾಕಿಸಿಕೊಡ್ತೀನಿ’ ಅನ್ನುತ್ತಾನೆ.

ಸಸ್ಪೆನ್ಷನ್ ರೋಗ ಹತ್ತಿದ್ದು 150ಎ ಹೆದ್ದಾರಿಯಲ್ಲಿ ಸಿರುಗುಪ್ಪಕ್ಕೆ ಹೋಗುವಾಗ. ಹಿಂದಿನ ಸೀಟಿನಲ್ಲಿದ್ದ ಅತ್ತೆಯವರು ರಸ್ತೆಯ ಪ್ರತಿ ಹಂಪ್‌ಗೂ ಒಂದೊಂದು ದೇವರ ಹೆಸರು ಹೇಳತೊಡಗಿದರು. ಗಾಡಿಯ ತಪ್ಪೇನಿಲ್ಲ. ಇಂಥ ಪಿಕಪ್‌ಗೆ ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಲಾರಿಯ ಹಾಗೆ ಪಾಟಾ. ಪಾಟಾ ಇರುವುದು ಭಾರ ಹೊರುವುದಕ್ಕೆ. ಭಾರ ಬಿದ್ದರೆ ಬಾಗುತ್ತದೆ, ಇಲ್ಲದಿದ್ದರೆ ಬಿಗಿಯಾಗಿ ನಿಂತು ಕೂತವರನ್ನು ಎಗರಿಸುತ್ತದೆ. ನಾಲ್ಕು ಚೀಲ ಭತ್ತ ಹೇರಿದ್ದರೆ ಅತ್ತೆಯವರಿಗೂ ನಿದ್ದೆ ಬರುತ್ತಿತ್ತು. ಆದರೆ ತೊಟ್ಟಿಗೆ ಬೀಗವಿತ್ತು.

ಅಂದಿನಿಂದ ಸಾವ್ಕಾರರ ಬಾಯಲ್ಲಿ ಬೇರೆಯದೇ ಸಹಸ್ರನಾಮ. ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಎಮು, ಐರನ್‌ಮ್ಯಾನ್, ಜರ್ಮನಿಯ ಬಿಲ್‌ಸ್ಟೈನ್, ಅಮೆರಿಕದ ಫಾಕ್ಸ್, ಥಾಯ್ಲೆಂಡಿನ ಪ್ರೊಫೆಂಡರ್. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರ ಎಲೆಗೆ ಹೋಳಿಗೆ ಬಿದ್ದರೂ ಇವರ ಮಾತು ನಿಲ್ಲುವುದಿಲ್ಲ. ‘ಭಾರ ಹೊರೋದು ಸ್ಪ್ರಿಂಗು, ಶಾಕಬ್ಸರ್ ಅಲ್ಲ. ಅದರ ಕೆಲಸ ಸ್ಪ್ರಿಂಗ್ ಕುಣಿಯೋದನ್ನ ನಿಲ್ಸೋದಷ್ಟೇ. ಒಳಗೆ ಎಣ್ಣೆ ಸಣ್ಣ ತೂತಿನಾಗೆ ನುಗ್ಗತೈತೆ, ಕುಣಿತ ಎಲ್ಲ ಶಾಖ ಆಗತೈತೆ. ನಮ್ಮ ಬಳ್ಳಾರಿ ಬಿಸಿಲಿಗೆ ಎಣ್ಣೆ ಕಾದು ನೊರೆ ಬಂತೋ, ಮುಗೀತು. ಅದಕ್ಕೇ ಗ್ಯಾಸ್ ತುಂಬಿದ್ದು ಬೇಕು. ಬಿಲ್‌ಸ್ಟೈನಿನವರು 1957ರಾಗೇ ಮರ್ಸಿಡಿಸ್‌ಗೆ ಕೊಟ್ಟಾರ್ರೀ!’ ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಎನ್ನುವುದೇ ಕೇಳುವವರ ಕಷ್ಟ.

ಅವರಿಗೆ ಗೊತ್ತಿಲ್ಲದ್ದು ಒಂದೇ, ತಮ್ಮ ಗಾಡಿಯ ತೂಕ.

ಸಸ್ಪೆನ್ಷನ್ ಕಿಟ್ ಮಾರುವವರು ಮೊದಲು ಕೇಳುವುದೇ ಅದನ್ನು. ಮುಂದೆ ಕಬ್ಬಿಣದ ಬಂಪರ್ ಇದೆಯೇ, ವಿಂಚ್ ಇದೆಯೇ, ಹಿಂದೆ ಸದಾ ಎಷ್ಟು ಕಿಲೋ ಇರುತ್ತದೆ? ಅದರ ಮೇಲೆ ಹಗುರ, ಮಧ್ಯಮ, ಭಾರಿ ಎಂದು ಸ್ಪ್ರಿಂಗ್ ನಿಗದಿ. ಇದ್ದದ್ದು ಹೇಳುವುದಾದರೆ ಒಂದು ಸ್ಟೆಪ್ನಿ, ಒಂದು ಛತ್ರಿ. ಆದರೆ ಸಾವ್ಕಾರರು ಮುಂದೊಂದು ದಿನ ಹಾಕಿಸಲಿರುವ ವಿಂಚ್, ಮೇಲ್ಛಾವಣಿ, ಡೇರೆ, ನೀರಿನ ಟ್ಯಾಂಕು ಎಲ್ಲವನ್ನೂ ಕೂಡಿಸಿ, ‘ಬರ್ಕೊಳ್ರಿ, ಮುನ್ನೂರು’ ಅಂದುಬಿಟ್ಟರು. ಎರಡಿಂಚು ಎತ್ತರಿಸುವ ಕಿಟ್, ಭಾರಿ ಸ್ಪ್ರಿಂಗ್. ಬಿಲ್ಲು ಲಕ್ಷ ದಾಟಿತು. ಮನೆಯಲ್ಲಿ ಹೇಳಿದ್ದು ‘ಸರ್ವಿಸಿಂಗ್’ ಎಂದು.

ಮಧ್ಯೆ ಕಾನೂನಿನ ಭಯವೂ ಬಂದು ಹೋಯಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ರೂಪ ಬದಲಿಸಬೇಡಿ ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಬದಲಾವಣೆ ಒಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಜೈಲಿನ ಭಾಗವನ್ನು ಸಾವ್ಕಾರರು ಓದಿದ ಹಾಗಿಲ್ಲ. ವಕೀಲ ಗೆಳೆಯರನ್ನು ಕೇಳಿದ್ದು ಇಷ್ಟೇ: ‘ನಾಲ್ಕು ಶಾಕಬ್ಸರ್ ಅಂದ್ರೆ ನಾಲ್ಕು ಬದಲಾವಣೇನಾ, ಒಂದೇನಾ?’ ವಕೀಲರು ಫೀಸಿಲ್ಲದ ಪ್ರಶ್ನೆಗೆ ಕೊಡುವ ನಗೆಯೊಂದನ್ನು ಕೊಟ್ಟರು.

ಎತ್ತರವಾದ ಗಾಡಿ ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಹೆಡ್‌ಲೈಟ್ ಮಾತ್ರ ಎದುರಿನವರ ಕಣ್ಣಿಗೆ ಕುಕ್ಕುತ್ತಿತ್ತು. ಅಲೈನ್‌ಮೆಂಟ್ ಮತ್ತೆ ಮಾಡಿಸಬೇಕಾಯಿತು. ಅತ್ತೆಯವರು ಹತ್ತುವುದಕ್ಕೆ ಅಡುಗೆಮನೆಯ ಮಣೆ ಬಂತು. ಮಳೆ ಬಿದ್ದ ಮರುದಿನ ಕುರುಗೋಡಿನ ಎರೆಹೊಲಕ್ಕೆ ಇಳಿಸಿ ನೋಡಿದರು. ಇಲ್ಲೊಂದು ವಿಷಯವಿದೆ. ಎರಡಿಂಚಿನ ಕಿಟ್ ಎತ್ತುವುದು ಚಾಸಿಸ್ಸನ್ನು, ಬಾಡಿಯನ್ನು. ಹಿಂದಿನ ಅಚ್ಚಿನ ನಡುವೆ ಜೋತುಬಿದ್ದಿರುವ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದು ಮೇಲೇಳಬೇಕಾದರೆ ದೊಡ್ಡ ಟೈರೇ ಬೇಕು. ಮಣ್ಣು ಮೆತ್ತಿಕೊಂಡು ನಾಲ್ಕೂ ಟೈರು ಬೋಳಾದವು, ಡಿಫರೆನ್ಷಿಯಲ್ ನೇಗಿಲಿನಂತೆ ಸಾಲು ಹೊಡೆಯಿತು. ಟ್ರ್ಯಾಕ್ಟರ್ ಬಂತು, ಎಳೆಯಿತು. ಅದರ ಫೋಟೊ ಯಾವ ಗ್ರೂಪಿಗೂ ಹೋಗಲಿಲ್ಲ.

ಅತ್ತೆಯವರ ಸಮಸ್ಯೆ ಬಗೆಹರಿಯಿತೇ ಅಂದರೆ, ಹೆಚ್ಚಿತು. ಇಲ್ಲದ ಮುನ್ನೂರು ಕಿಲೋಗೆ ಕಾದು ಕೂತ ಪಾಟಾ ಮೊದಲಿಗಿಂತ ಬಿಗಿಯಾಗಿತ್ತು. ಕೊನೆಗೆ ಸಾವ್ಕಾರರು ಬೀಗ ತೆಗೆದು, ಮುಚ್ಚಳ ಎತ್ತಿ, ತೊಟ್ಟಿಯಲ್ಲಿ ಎರಡು ಮೂಟೆ ಮರಳು ಹಾಕಿಸಿದರು. ಗಾಡಿ ಕೊಂಚ ಮೆತ್ತಗಾಯಿತು.

ಇಷ್ಟಾದ ಮೇಲೆ ಹೋದದ್ದು ಹೊಸಪೇಟೆ ರಸ್ತೆ ಕಡೆಯ ಪಾಟಾ ಮೇಸ್ತ್ರಿ ಹತ್ತಿರ. ಸಂಡೂರಿನ ಅದಿರು ಹೊತ್ತ ಲಾರಿಗಳು ಸಾಲುಗಟ್ಟಿ ಓಡಾಡಿದ ಕಾಲವನ್ನು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ಅವೇ ಲಾರಿಗಳು ತುಕ್ಕು ಹಿಡಿದು ನಿಂತದ್ದನ್ನು, 2013ರಲ್ಲಿ ಕೆಲವು ಗಣಿ ಮತ್ತೆ ತೆರೆದದ್ದನ್ನು ಕಂಡ ಕೈ ಅದು. ಮುರಿದ ಪಾಟಾ ಬದಲಿಸಿ, ಸವೆದದ್ದನ್ನು ಬಡಿದು ಕಮಾನು ಎತ್ತಿ, ಬೇಕೆಂದವರಿಗೆ ಇನ್ನೊಂದು ಪಾಟಾ ಸೇರಿಸಿ ಕಳಿಸುವವರು. ಓಲ್ಡ್ ಮ್ಯಾನ್ ಎಮು ಹೆಸರು ಕೇಳಿಲ್ಲ. ಗಾಡಿ ಸುತ್ತ ಒಂದು ಸುತ್ತು ಬಂದು, ‘ಇದು ಯಾವ ಲೋಡಿಗೆ ಹಾಕ್ಸಿದ್ರಿ?’ ಅಂದರು. ಸಾವ್ಕಾರರು ಎಣ್ಣೆ, ತೂತು, ಶಾಖ ಎಲ್ಲ ಹೇಳಿದರು. ಮೇಸ್ತ್ರಿ ಪೂರ್ತಿ ಕೇಳಿಸಿಕೊಂಡು, ‘ವೇಬ್ರಿಡ್ಜಿಗೆ ಹೋಗಿ ಮುಂದಿನ ಅಚ್ಚು, ಹಿಂದಿನ ಅಚ್ಚು ಬ್ಯಾರೆ ಬ್ಯಾರೆ ತೂಕ ಮಾಡಿಸ್ಕೊಂಡ್ ಬರ್ರಿ’ ಅಂದರು.

ಅದಿರು, ಭತ್ತ, ಹತ್ತಿ ಎಲ್ಲವನ್ನೂ ತೂಗುವ ಜಿಲ್ಲೆಯಲ್ಲಿ ವೇಬ್ರಿಡ್ಜಿಗೆ ಬರವಿಲ್ಲ. ಎರಡು ಲಾರಿಗಳ ನಡುವೆ ಪಿಕಪ್ ಸರದಿಗೆ ನಿಂತಿತು.

‘ಏನ್ ಲೋಡು?’ ಕಿಟಕಿಯೊಳಗಿನ ಹುಡುಗ ಕೇಳಿದ.

‘ಖಾಲಿ.’

ಹುಡುಗ ಎದ್ದು ಬಂದು ತೊಟ್ಟಿಗೆ ಇಣುಕಿದ. ‘ಮರಳೈತಲ್ರೀ. ಪರ್ಮಿಟ್ ಎಲ್ಲೈತೆ?’

ಹಿಂದಿನ ಲಾರಿ ಹಾರನ್ ಹೊಡೆಯುತ್ತಲೇ ಇತ್ತು, ಸಾವ್ಕಾರರು ಹುಡುಗನಿಗೆ ಪಾಟಾ ವಿಚಾರ ಮೊದಲಿನಿಂದ ವಿವರಿಸುತ್ತಲೇ ಇದ್ದರು. ಮರಳು ಇಳಿಸಿ ತೂಗಿದಾಗ ಎರಡು ಟನ್ ಚಿಲ್ಲರೆ, ಅದರಲ್ಲಿ ಹೆಚ್ಚಿನದು ಎಂಜಿನ್ ಕೂತ ಮುಂಭಾಗದ್ದು. ಹಿಂದೆ ಹೊರುವುದಕ್ಕೆ ಏನೂ ಇರಲಿಲ್ಲ. ಚೀಟಿ ಈಗ ಪರ್ಸಿನಲ್ಲಿದೆ, ಹಗುರ ಸ್ಪ್ರಿಂಗಿಗೆ ಆರ್ಡರ್ ಹೋಗಿದೆ, ಮನೆಯಲ್ಲಿ ಮತ್ತೆ ‘ಸರ್ವಿಸಿಂಗ್’ ಎಂದಾಗಿದೆ. ಭಾರಿ ಪಾಟಾಗಳನ್ನು ಗಾಂಧಿನಗರದ ಇನ್ನೊಬ್ಬ ಪಿಕಪ್ ಯಜಮಾನರು ಅರ್ಧ ಬೆಲೆಗೆ ಕೊಂಡರು. ಅವರೂ ಸದ್ಯದಲ್ಲೇ ವಿಂಚ್ ಹಾಕಿಸುವವರಿದ್ದಾರೆ.