ದೈವದತ್ತ ಕಂಠ ಮೀಮಾಂಸೆ
(ಬಿ.ದುರ್ಗ ಹೋಬಳಿಯನ್ನು ವಿಶೇಷವಾಗಿ ಅನುಲಕ್ಷಿಸಿ)

ಪೀಠಿಕೆ: ಹೊಳಲ್ಕೆರೆ ತಾಲ್ಲೂಕು ಬಿ.ದುರ್ಗ ಹೋಬಳಿಯಲ್ಲಿ ಒಬ್ಬ ಸುಮಾರಾಗಿ ಹಾಡಿದರೆ ‘ಪರವಾಗಿಲ್ಲ, ಕಲ್ತಿದಾನೆ’ ಎನ್ನುತ್ತಾರೆ. ಚೆನ್ನಾಗಿ ಹಾಡಿದರೆ ‘ದೇವ್ರು ಕೊಟ್ಟಿದ್ದು ಕಣಪ್ಪ’ ಎನ್ನುತ್ತಾರೆ. ಆದ್ದರಿಂದ ಮನುಷ್ಯಪ್ರಯತ್ನಕ್ಕೆ ದಕ್ಕುವುದು ಸುಮಾರಾದ ಕಲೆ ಮಾತ್ರ ಎಂದು ಸಿದ್ಧವಾಯಿತು. ವಿದ್ವಲ್ಲೋಕ ಈ ತತ್ತ್ವವನ್ನು ಅಲಕ್ಷಿಸಿರುವುದರಿಂದ ಪ್ರಸ್ತುತ ಸಂಶೋಧಕನೇ ಲೇಖನಿ ಹಿಡಿಯಬೇಕಾಯಿತು.

ಪೂರ್ವಸೂರಿಗಳು: ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ಶಕ್ತಿ, ನಿಪುಣತೆ, ಅಭ್ಯಾಸ ಈ ಮೂರೂ ಕೂಡಿದರೇ ಕಾವ್ಯಕ್ಕೆ ಹೇತು, ಬಿಡಿಬಿಡಿಯಾಗಿ ಅಲ್ಲ ಎಂದು ಕಟ್ಟುನಿಟ್ಟು ಮಾಡಿದ್ದಾನೆ. ನಮ್ಮ ಹೋಬಳಿಯ ಪ್ರತಿಯಲ್ಲಿ ಶಕ್ತಿ ಮಾತ್ರ ಉಳಿದಿದೆ. ಮಿಕ್ಕೆರಡನ್ನು ಗೆದ್ದಲು ತಿಂದಿರಬೇಕು.

ಪ್ರಮಾಣಗಳು: (1) ದೇವರು ಮಳೆ ಕೊಡಲಾಗದ ಸೀಮೆಗೆ ಪದ ಕೊಡುತ್ತಾನೆ. ಬರಡು ಚಳ್ಳಕೆರೆ ಸೀಮೆಯ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಬಾಯಲ್ಲಿ ಸಾವಿರಾರು ಪದಗಳಿದ್ದವು. ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದರು, ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಎಂದು ಗೌರವಿಸಿತು. ಆ ಪದಗಳು ಅಜ್ಜಿಯ ಬಾಯಿಗೆ ಬರುವ ಮುಂಚೆ ಹಟ್ಟಿಯ ಎಷ್ಟು ಹೆಂಗಸರ ಬಾಯಿ ದಾಟಿದವು, ಅಜ್ಜಿ ಎಷ್ಟು ವರ್ಷ ಅವನ್ನು ಹಾಡಿ ಹಾಡಿ ಹಸನು ಮಾಡಿಕೊಂಡಳು ಎಂದು ಯಾರೂ ಕೇಳಬಾರದು, ಸಿದ್ಧಾಂತ ಕೆಡುತ್ತದೆ.

(2) ದೇವರ ಬಟವಾಡೆ ಚುರುಕು, ಮನುಷ್ಯರದು ನಿಧಾನ. ಕಾದಂಬರಿಕಾರ ತ.ರಾ.ಸು. ತೀರಿಕೊಂಡಿದ್ದು 1984ರಲ್ಲಿ, ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ.

ಆಕ್ಷೇಪ: ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ಸಿದ್ಧಾಂತಕ್ಕೆ ಭಾರಿ ಪೆಟ್ಟು ಬಿದ್ದಿದೆ. ಅದು ಮಠ, ದೇವರಿಗೆ ಹತ್ತಿರದ ಜಾಗ. ವರ ಸಲೀಸಾಗಿ ಸಿಗಬೇಕಾದ ಅಲ್ಲಿಯೇ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1997ರಲ್ಲಿ ‘ಶಿವಸಂಚಾರ’ ನಾಟಕ ತಂಡ ಶುರು ಮಾಡಿ, ಕಲಾವಿದರಿಗೆ ತಿಂಗಳುಗಟ್ಟಲೆ ತಾಲೀಮು ಕೊಡಿಸಿ, ನಾಡೆಲ್ಲ ನಾಟಕ ಆಡಿಸುತ್ತಿದ್ದಾರೆ. ಸಾಲದೆಂಬಂತೆ ರಂಗಶಾಲೆ ಬೇರೆ! ಸ್ವಾಮಿಗಳೇ ದೇವರನ್ನು ನಂಬಿ ಸುಮ್ಮನೆ ಕೂರದಿದ್ದರೆ ಸಾಮಾನ್ಯರ ಗತಿ ಏನು?

ಕ್ಷೇತ್ರಕಾರ್ಯ: ಆಕ್ಷೇಪ ನಿವಾರಣೆಗೆಂದು ಹೋಬಳಿಯ ಒಂದು ಊರಿನ ‘ಕುರುಕ್ಷೇತ್ರ’ ನಾಟಕದ ಬೆನ್ನುಹತ್ತಿದೆ. ದುರ್ಯೋಧನನ ಪಾತ್ರ ಬೇಕಾದವನು ಕಮಿಟಿಗೆ ಹೆಚ್ಚು ದುಡ್ಡು ಕಟ್ಟಬೇಕು, ಶಕುನಿಗೆ ಕಮ್ಮಿ. ದೇವರು ಕಂಠ ಕೊಟ್ಟರೂ ಪಾತ್ರ ಕೊಡುವುದು ಕಮಿಟಿ. ಮೂರು ತಿಂಗಳು, ಅಡಿಕೆ ತೋಟಕ್ಕೆ ನೀರು ಕಟ್ಟಿ ಉಂಡು ಬಂದವರು ಶಾಲೆಯ ಜಗುಲಿಯಲ್ಲಿ ಸೇರುತ್ತಿದ್ದರು. ಪೇಟಿ ಮೇಷ್ಟ್ರು ಎಡಗೈಯಲ್ಲಿ ತಿದಿ ಒತ್ತುತ್ತ, ಬಲಗೈ ಬೆರಳಲ್ಲಿ ಒಂದೇ ಮನೆಯನ್ನು ಹಿಡಿದು, ‘ಶ್ರುತಿ ಬಿಟ್ಟೆ, ಇನ್ನೊಂದ್ಸಲ’ ಎನ್ನುತ್ತಿದ್ದರು. ದುರ್ಯೋಧನ ಒಂದೇ ಕಂದವನ್ನು ಒಂದು ರಾತ್ರಿ ಹದಿನೇಳು ಸಲ ಹಾಡಿದ. ನಾನೇ ಎಣಿಸಿದ್ದೇನೆ.

ನಾಟಕದ ರಾತ್ರಿ ಅದೇ ಕಂದಕ್ಕೆ ಮೂರು ಸಲ ‘ಒನ್ಸ್ ಮೋರ್’. ಜನ ‘ದೇವ್ರು ಕೊಟ್ಟ ಕಂಠ’ ಎಂದರು. ಹಾರ ದುರ್ಯೋಧನನ ಕೊರಳಿಗೆ ಬಿತ್ತು. ಬೆಳಗ್ಗೆ ಮೇಷ್ಟ್ರು ಬಾಕಿ ಕೇಳಿದಾಗ ಯಜಮಾನರು ನುಡಿದರು: ‘ಮೇಷ್ಟ್ರೇ, ಕಲೆ ದೇವ್ರುದ್ದು. ಅದಕ್ಕೆ ಬೆಲೆ ಕಟ್ಟಾಕಾಯ್ತದಾ?’

ಮೇಷ್ಟ್ರು ಪೇಟಿಗೆ ಬಟ್ಟೆ ಸುತ್ತಿ ಚಿಕ್ಕಜಾಜೂರಿನ ಬಸ್ಸು ಹತ್ತಿದರು.

ನಿರ್ಣಯ: ಮರುವರ್ಷ ಕರೆಯಲು ಹೋದವರಿಗೆ ಮೇಷ್ಟ್ರು ಕಾಫಿ ಕೊಟ್ಟು, ‘ಈ ಸಲ ಆ ದೇವ್ರೇ ಕಲಿಸ್ಲಿ ಬಿಡ್ರಪ್ಪ’ ಎಂದರಂತೆ. ಸಂಶೋಧನೆಗೆ ಇದಕ್ಕಿಂತ ಶುದ್ಧ ಪ್ರಯೋಗ ಸಿಗದು. ಅದೇ ಊರು, ಅದೇ ಜಗುಲಿ, ಅದೇ ದೈವದತ್ತ ಕಂಠ. ಮೇಷ್ಟ್ರು ಮಾತ್ರ ಇಲ್ಲ. ಆ ವರ್ಷ ಊರಲ್ಲಿ ಆರ್ಕೆಸ್ಟ್ರಾ ಆಯಿತು.