ಎಲ್ಲರಿಗೂ 98.4

ನಮ್ಮಕ್ಕನ ಮಗಳು ಜತ್ ತಾಲ್ಲೂಕಿನ ಹಳ್ಳಿಯಿಂದ ಪುಣೆಗೆ ಬಂದು ಜಿಎನ್‌ಎಂ ನರ್ಸಿಂಗ್ ಕೋರ್ಸ್ ಸೇರಿದ ಆರನೇ ತಿಂಗಳಿಗೆ ದೀಪ ಹಿಡಿದಳು. ದೀಪ ಹಿಡಿಯುವುದೆಂದರೆ ನರ್ಸಿಂಗ್ ಕಾಲೇಜಿನವರ ಉಪನಯನ. ಬಿಳಿ ಸಮವಸ್ತ್ರದ ಹುಡುಗಿಯರು ಸಾಲಾಗಿ ನಿಂತಿದ್ದರು, ಎದುರಿಗೆ ಪೋಷಕರೆಂಬ ನಾವು. ಮುಖ್ಯ ಅತಿಥಿಗಳು ಒಂದೂಮುಕ್ಕಾಲು ಗಂಟೆ ತಡ. ಫೋಟೋಗೆಂದು ಮೊದಲೇ ಹಚ್ಚಿದ್ದ ದೀಪಗಳನ್ನು ಆರಿಸಿದರು. ‘ಬಂದರು, ಬಂದರು’ ಎಂದಾಗ ಮತ್ತೆ ಹಚ್ಚಿದರು. ಬಂದದ್ದು ಊಟದ ಗಾಡಿ ಎಂದು ಗೊತ್ತಾಗಿ ಮತ್ತೆ ಆರಿಸಿದರು. ಎರಡನೇ ಸಾಲಿನ ಒಬ್ಬಳು ತಲೆಸುತ್ತಿ ಕುಸಿದಳು. ಭಾವೀ ದಾದಿಯರೇ ತುಂಬಿದ್ದ ಆ ಸಭೆಯಲ್ಲಿ ಅವಳಿಗೆ ನೀರು ತಂದುಕೊಟ್ಟವನು ಶಾಮಿಯಾನದ ಹುಡುಗ. ಉಳಿದವರಿಗೆ ಸಾಲು ಬಿಡಬಾರದೆಂದು ಅಪ್ಪಣೆಯಾಗಿತ್ತು.

ಆಮೇಲೆ ಪ್ರತಿಜ್ಞೆ. ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಆ ಪ್ರತಿಜ್ಞೆಯನ್ನು ಆ ಮಹಾತಾಯಿ ಬರೆದದ್ದೇ ಅಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಸಂಗಡಿಗರು ಬರೆದು ಅವಳ ಹೆಸರಿಟ್ಟರು. ರೋಗಿಯ ಗುಟ್ಟು ಕಾಯುತ್ತೇನೆ, ಡಾಕ್ಟರಿಗೆ ನಿಷ್ಠೆಯಿಂದ ನೆರವಾಗುತ್ತೇನೆ ಎಂದೆಲ್ಲ ಅದರಲ್ಲಿದೆ. ಒಬ್ಬಳೇ ಎಷ್ಟು ಜನರನ್ನು ನೋಡಿಕೊಳ್ಳಬೇಕು ಎಂಬುದು ಮಾತ್ರ ಇಲ್ಲ. ನೈಟಿಂಗೇಲೇ ಬರೆದಿದ್ದರೆ ಬಹುಶಃ ಅಲ್ಲಿಂದಲೇ ಶುರು ಮಾಡುತ್ತಿದ್ದಳು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ಕೊಳಕಿನ ರೋಗಗಳಿಗೆ ಸತ್ತರು ಎಂದು ಲೆಕ್ಕ ಹಾಕಿ, ಬಣ್ಣದ ಚಕ್ರಗಳಲ್ಲಿ ಬಿಡಿಸಿ, ಸರ್ಕಾರದ ಮುಖಕ್ಕೆ ಹಿಡಿದ ಹೆಂಗಸು ಅವಳು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಸೇರಿಸಿಕೊಂಡ ಮೊದಲ ಮಹಿಳೆ. ನಾವು ಅವಳ ಕೈಯಿಂದ ದೀಪ ಇಸಿದುಕೊಂಡು ಲೆಕ್ಕದ ಪುಸ್ತಕ ಅಲ್ಲೇ ಬಿಟ್ಟು ಬಂದಿದ್ದೇವೆ.

ಲೆಕ್ಕ ನಮ್ಮಲ್ಲೂ ಇದೆ, ಇಲ್ಲವೆಂದಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ಬೋಧನಾ ಆಸ್ಪತ್ರೆಯ ವಾರ್ಡಿನಲ್ಲಿ 3 ರೋಗಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗೆ ಒಬ್ಬರು ನರ್ಸ್ ಇರಬೇಕು. ರಜೆ, ಕಾಯಿಲೆಗೆಂದು ಇನ್ನೂ ಶೇ. 30 ಜನ. ನಮ್ಮ ಹುಡುಗಿ ಇದನ್ನು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತಂದಳು. ಮರುದಿನ ರಾತ್ರಿಪಾಳಿ ಮುಗಿಸಿ ಬಂದವಳು ಚಪ್ಪಲಿ ಸಹ ಬಿಡದೆ ಕುರ್ಚಿಯಲ್ಲಿ ಕುಸಿದು, ‘ಮಾಮಾ, ಆ ಮೂರು ಅನ್ನೂದು ಪೇಪರಿನಾಗಿಂದು. ವಾರ್ಡಿನಾಗ ಇದ್ದವರು ನಾನು, ಒಬ್ಬಾಕಿ ಸ್ಟಾಫು. ಕಾಟು ಇಪ್ಪತ್ತೆಂಟು’ ಎಂದಳು.

ಇಪ್ಪತ್ತೆಂಟರಲ್ಲಿ ಹತ್ತು ಜನ ಹಾಸಿಗೆ ಹಿಡಿದವರು ಎಂದಿಟ್ಟುಕೊಳ್ಳಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಒಬ್ಬರನ್ನು ಹೊರಳಿಸಿ, ಒದ್ದೆ ಬಟ್ಟೆ ತೆಗೆದು, ದಿಂಬು ಸರಿಮಾಡಲು ಇಬ್ಬರಿಗೆ ಹತ್ತು ನಿಮಿಷ. ಹತ್ತು ಜನಕ್ಕೆ ನೂರು ನಿಮಿಷ. ಉಳಿದ ಇಪ್ಪತ್ತು ನಿಮಿಷದಲ್ಲಿ ಹದಿನೆಂಟು ಜನರ ಸಲೈನು, ಇಂಜೆಕ್ಷನ್ನು, ನೋವು, ‘ಸಿಸ್ಟರ್, ಸಿಸ್ಟರ್’ ಎಂಬ ಕೂಗು, ಫೋನು, ಫೈಲು. ಅಷ್ಟರಲ್ಲಿ ಎರಡು ಗಂಟೆ ಮುಗಿದು ಮೊದಲನೆಯವರ ಸರದಿ ಬಂದಿರುತ್ತದೆ. ಪಠ್ಯದ ನೀತಿಶಾಸ್ತ್ರ ಎಷ್ಟೇ ಘನವಾಗಿರಲಿ, ಭಾಗಾಕಾರದ ಮುಂದೆ ಕೈಕಟ್ಟಿ ನಿಲ್ಲುತ್ತದೆ.

ಬೆನ್ನಹುಣ್ಣಿನ ಮಾತು ಬಂದಾಗ ನನಗೆ ಹಳದೀಪುರ ನೆನಪಾಗುತ್ತದೆ. ಹೊನ್ನಾವರ ತಾಲ್ಲೂಕಿನ ಆ ಊರಿಂದ ಮುಂಬೈಯ ಕೆಇಎಂ ಆಸ್ಪತ್ರೆಗೆ ನರ್ಸಾಗಿ ಹೋದ ಅರುಣಾ ಶಾನಭಾಗ, 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯ ಕೆಲಸಗಾರನಿಂದ ಹಲ್ಲೆಗೊಳಗಾದವರು, 2015ರ ಮೇ 18ರವರೆಗೂ ಮಲಗಿದ್ದಲ್ಲೇ ಇದ್ದರು. ಅಷ್ಟೂ ಕಾಲ ಅವರನ್ನು ನೋಡಿಕೊಂಡವರು ಅಲ್ಲಿನ ನರ್ಸುಗಳೇ. ದಯಾಮರಣದ ಅರ್ಜಿಯ ಬಗ್ಗೆ 2011ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಅವರ ಮೈಮೇಲೆ ಒಂದೂ ಬೆನ್ನಹುಣ್ಣು ಇರಲಿಲ್ಲ. ಇಲ್ಲಿ ನನ್ನ ವ್ಯಂಗ್ಯಕ್ಕೆ ಕೆಲಸವಿಲ್ಲ, ಮುಂದೆ ಹೋಗುತ್ತೇನೆ.

ನನ್ನ ಗೆಳೆಯನೊಬ್ಬ ಪುಣೆಯ ಒಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ರಾತ್ರಿ ಕಾವಲಿಗೆ ನಾನಿದ್ದೆ. ಬೆಳಗಿನ ಜಾವ ನಾಲ್ಕೂವರೆ. ಸಿಸ್ಟರ್ ಫೈಲುಗಳ ಗುಡ್ಡೆ ಎಳೆದುಕೊಂಡು ಕೂತು ಒಂದೇ ಉಸಿರಿಗೆ ತುಂಬಿದಳು. ಎಲ್ಲರ ಜ್ವರ 98.4. ಉಸಿರಾಟ, ನಾಡಿಯೂ ಸೈನ್ಯದ ಕವಾಯತಿನಂತೆ ಹೆಚ್ಚುಕಡಿಮೆ ಒಂದೇ. ಗೆಳೆಯ ಎರಡು ಕಂಬಳಿಯೊಳಗೆ ನಡುಗುತ್ತಿದ್ದ. ಅವಳನ್ನು ಕರೆದು ತೋರಿಸಿದೆ. ವಾದಿಸಲಿಲ್ಲ, ಥರ್ಮಾಮೀಟರ್ ಇಟ್ಟಳು, 102. ಓಡಿಹೋಗಿ ಔಷಧ ತಂದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಚಾರ್ಟಿನಲ್ಲಿ ತಿದ್ದಿದರೆ ಗೀಟು ಕಾಣುತ್ತದೆ, ತಪಾಸಣೆಯವರು ಬಂದರೆ ಕೇಳುತ್ತಾರೆ ಎಂದು ಪಿಸುಗುಟ್ಟಿದಳು. ಬೆಳಿಗ್ಗೆಯಿಂದ ಎರಡನೇ ಪಾಳಿಯಂತೆ, ರಿಲೀವರ್ ಬಂದಿಲ್ಲ. ‘ಬರೆಯದಿದ್ದರೆ ಮಾಡಿಲ್ಲವೆಂದೇ ಅರ್ಥ’ ಎಂಬುದು ನರ್ಸಿಂಗ್ ಪಾಠದ ಮೊದಲ ಸೂತ್ರ. ಆಸ್ಪತ್ರೆಗಳು ಅದನ್ನು ತಿರುಗಿಸಿಕೊಂಡಿವೆ: ಬರೆದಿದ್ದರೆ ಮಾಡಿದಂತೆಯೇ. ಅವಳು ಬರೆದದ್ದು ಸುಳ್ಳು, ಜೀವ ತೆಗೆಯಬಹುದಾದ ಸುಳ್ಳು. ಆದರೆ ಆ ಸುಳ್ಳಿನಲ್ಲಿ ಕೈಬರಹ ಮಾತ್ರ ಅವಳದು.

ಪುಣೆಗೆ ತನ್ನದೇ ಆದ ಒಬ್ಬರು ದಾದಿ ಇದ್ದರು. ಅವರು ಈಗ ಸ್ಟಾಫ್ ನರ್ಸ್ ಕೆಲಸ ಕೇಳಿಕೊಂಡು ಬಂದರೆ ಎಚ್‌ಆರ್ ಕೋಣೆಯಿಂದ ಏನು ಕೇಳಿಸಬಹುದು? ‘ಹೆಸರು ಸಾವಿತ್ರಿಬಾಯಿ ಫುಲೆ, ಸರಿ. ನರ್ಸಿಂಗ್ ಡಿಪ್ಲೊಮಾ ಇಲ್ಲ. ಅನುಭವ... ಹಡಪಸರದಲ್ಲಿ ಮಗನ ಪ್ಲೇಗು ಚಿಕಿತ್ಸಾಲಯ. ಮಗನ ಬಳಿಯೇ ಅಂದರೆ ಅದನ್ನು ಅನುಭವ ಅಂತ ಹಿಡಿಯೋಕಾಗಲ್ಲ ಮೇಡಂ. ಮುಂಢವಾದಿಂದ ಹುಡುಗನನ್ನು ಬೆನ್ನ ಮೇಲೆ ಹೊತ್ತು ತಂದಿರಾ? ಸ್ಟ್ರೆಚರ್ ಇಲ್ಲದೆ? ಗ್ಲೌಸಿಲ್ಲದೆ? ಯಾವ ಫಾರಂ ತುಂಬಿದಿರಿ? ಆಗಲಿ, ಮೂಲ ಸರ್ಟಿಫಿಕೇಟ್ ಎರಡು ವರ್ಷ ನಮ್ಮ ಕಪಾಟಿನಲ್ಲಿರುತ್ತೆ, ಬಾಂಡಿಗೆ ಸಹಿ... ಸರ್ಟಿಫಿಕೇಟೇ ಇಲ್ಲವೆ? ತಿಳಿಸ್ತೇವೆ.’ ಹೊತ್ತು ತಂದ ಆ ಪ್ಲೇಗೇ ತಗುಲಿ ಸಾವಿತ್ರಿಬಾಯಿ 1897ರ ಮಾರ್ಚ್ 10ರಂದು ತೀರಿಕೊಂಡರು. ಕೆಲಸ ಸಿಗದಿದ್ದರೇನು, ಅವರ ಫೋಟೋಗೆ ಲಾಬಿಯಲ್ಲಿ ಜಾಗವಿದೆ.

ಪೂಜೆಗೆ ನಮ್ಮಲ್ಲಿ ಎಂದೂ ಕೊರತೆಯಿಲ್ಲ. 2020ನ್ನು ವಿಶ್ವ ಆರೋಗ್ಯ ಸಂಸ್ಥೆ ದಾದಿಯರ ವರ್ಷವೆಂದು ಸಾರಿತ್ತು. ಆ ಮಾರ್ಚ್ 9ಕ್ಕೆ ಮಹಾರಾಷ್ಟ್ರದ ಮೊದಲ ಕೊರೊನಾ ರೋಗಿಗಳು ಪುಣೆಯ ನಾಯ್ಡು ಆಸ್ಪತ್ರೆಗೆ ಬಂದರು. 22ಕ್ಕೆ ದೇಶವೆಲ್ಲ ತಟ್ಟೆ ಬಾರಿಸಿತು, ಮೇ 3ಕ್ಕೆ ವಾಯುಪಡೆ ಆಸ್ಪತ್ರೆಗಳ ಮೇಲೆ ಹೂ ಸುರಿಯಿತು. ನಡುವೆ ಹಲವು ಊರುಗಳಲ್ಲಿ ಮನೆಮಾಲೀಕರು ನರ್ಸುಗಳಿಗೆ ‘ನಾಳೆಯೇ ಖಾಲಿ ಮಾಡಿ’ ಎಂದರು. ತಟ್ಟೆ ಬಾರಿಸಿದ ಕೈಗಳೇ ಇರಬೇಕು, ಬೇರೆ ಕೈ ಎಲ್ಲಿಂದ ತರುವುದು?

ಸಂಬಳದ ಕತೆ ಚಿಕ್ಕದು. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರ್ಕಾರದ ಸಮಿತಿ ಕೂತು, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200 ಹಾಸಿಗೆ ದಾಟಿದರೆ ಸರ್ಕಾರಿ ನರ್ಸಿನಷ್ಟೇ ಕೊಡಬೇಕು ಎಂದು ಶಿಫಾರಸು ಮಾಡಿತು. ಶಿಫಾರಸು ಎಂದರೇನೆಂದು ಆಸ್ಪತ್ರೆ ಮಾಲೀಕರಿಗೆ ಯಾರೂ ಪಾಠ ಹೇಳಬೇಕಿಲ್ಲ.

ಕಳೆದ ತಿಂಗಳು ಅದೇ ಗೆಳೆಯನನ್ನು ಬೇರೊಂದು ಆಸ್ಪತ್ರೆಗೆ ಸೇರಿಸುವಾಗ ಕೌಂಟರಿನ ಹುಡುಗಿ ಬಾಯಿಪಾಠ ಒಪ್ಪಿಸಿದಳು: ಡಿಲಕ್ಸ್, ಸೆಮಿ ಡಿಲಕ್ಸ್, ಎಸಿ, ಟಿವಿ, ವೈಫೈ, ಜೊತೆಗಿರುವವರಿಗೆ ಸೋಫಾ, ಬೆಳಿಗ್ಗೆ ಪೋಹೆ. ನಾನು ಕೇಳಿದೆ: ‘ರಾತ್ರಿ ಎರಡು ಗಂಟೆಗೆ ಈ ಮಹಡಿಯಲ್ಲಿ ಎಷ್ಟು ರೋಗಿಗಳು, ಎಷ್ಟು ಸಿಸ್ಟರು?’ ಹುಡುಗಿ ಕಂಪ್ಯೂಟರ್ ನೋಡಿದಳು, ಪಕ್ಕದವಳನ್ನು ನೋಡಿದಳು, ಮ್ಯಾನೇಜರನ್ನು ಕರೆಸಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ಇದುವರೆಗೂ ಯಾರೂ ಇದನ್ನು ಕೇಳಿಲ್ಲ ಸರ್’ ಎಂದರು.

ಡಿಪಾಸಿಟ್ ಕಟ್ಟುವ ಮೊದಲು ನೀವೂ ಒಮ್ಮೆ ಕೇಳಿ.