ಮುಂಬಯಿಯ ಲಾಲ್‌ಬಾಗ್‌ನ ಗೋಪುರವಾಸಿ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಲಾಲ್‌ಬಾಗ್, ಪರೇಲ್, ಚಿಂಚಪೋಕಳಿಯ ಹೊಸ ಗೋಪುರಗಳಲ್ಲಿ ನೆಲೆಸಿರುವ ಬಂಧುಗಳೇ,

ಮಾರ್ಚ್ ಬಂತೆಂದರೆ ಮೆಣಸಿನಕಾಯಿ ಹುರಿಯುವ ಘಾಟು ಈ ಬೀದಿಗಳಲ್ಲಿ ತುಂಬಿಕೊಳ್ಳುತ್ತದೆ. ಕಣ್ಣುರಿ, ಕೆಮ್ಮು ಎಲ್ಲ ನಿಜ. ಚಿಕ್ಕ ಮಕ್ಕಳಿರುವ ಮನೆಗೆ ಅದು ತೊಂದರೆಯೇ. ಆದರೂ ಸೊಸೈಟಿಯ ಸಭೆಯಲ್ಲಿ ಅದರ ಮೇಲೆ ದೂರು ಬರೆಯುವ ಮೊದಲು, ಒಂದು ಬೆಳಿಗ್ಗೆ ಮಸಾಲೆ ಗಲ್ಲಿಯವರೆಗೆ ನಡೆದು ಬನ್ನಿ ಎಂದು ಕೇಳಿಕೊಳ್ಳುತ್ತಿದ್ದೇನೆ.

ಅಲ್ಲಿ ಚೀಲಗಟ್ಟಲೆ ಬಿದ್ದಿರುವುದು ನಮ್ಮೂರಿನ ಬೆಳೆ. ಬಣ್ಣಕ್ಕೆ ಹಾವೇರಿ ಜಿಲ್ಲೆಯ ಬ್ಯಾಡಗಿ, ಖಾರಕ್ಕೆ ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹೆಸರು ಹೊತ್ತ ಸಂಕೇಶ್ವರಿ. ಬ್ಯಾಡಗಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು 2011ರಲ್ಲಿ. ಈ ಗಲ್ಲಿಯ ಗಿರಾಕಿಗಳಿಗೆ ಅದರ ಬೆಲೆ ಅದಕ್ಕೂ ಬಹಳ ಹಿಂದೆಯೇ ಗೊತ್ತಿತ್ತು. ಕೊತ್ತಂಬರಿ ಬೀಜ, ಕಲ್ಲುಹೂವು, ನಾಗಕೇಸರ, ಚಕ್ರಮೊಗ್ಗು ಒಂದೊಂದಾಗಿ ಬಾಣಲೆಗೆ ಬೀಳುತ್ತವೆ. ಆಮೇಲೆ ಡಂಕ್, ಎಂದರೆ ಕುಟ್ಟುವ ಯಂತ್ರ. ಮೋಟಾರು ತಿರುಗಿದಂತೆ ಸಾಲಾಗಿ ನಿಂತ ಕಬ್ಬಿಣದ ಒನಕೆಗಳು ಎದ್ದೆದ್ದು ಒರಳಿಗೆ ಬೀಳುತ್ತವೆ. ಕೆಲಸಗಾರ ಪುಡಿಯನ್ನು ಜರಡಿ ಹಿಡಿದು, ಉಳಿದ ತರಿಯನ್ನು ಮತ್ತೆ ಒರಳಿಗೆ ಸುರಿಯುತ್ತಾನೆ. ಮಸಾಲೆಯ ಒಡತಿ ಮೂಗಿಗೆ ಸೆರಗು ಒತ್ತಿಕೊಂಡು ನಿಂತೇ ಇರುತ್ತಾಳೆ. ಅವಳ ಬ್ಯಾಡಗಿ ಇನ್ನೊಬ್ಬರ ಒರಳಿಗೆ ಹೋಗಬಾರದು. ಅದು ಮನೆಯ ಇಡೀ ವರ್ಷದ ರುಚಿ.

ಈ ಗಲ್ಲಿಯ ಮೊದಲ ಗಿರಾಕಿಗಳು ಬಟ್ಟೆ ಗಿರಣಿ ಕಾರ್ಮಿಕರ ಮನೆಯವರು. ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದ ಗಂಡಸರಿಗೆ ಚಾಳಿನ ಹೆಂಗಸರು ಖಾನಾವಳಿ ನಡೆಸಿ, ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದರು. ರೇಷನ್ನಿಗೆ ಕಿರಾಣಿಯವನ ಬಳಿ ಸಾಲ, ಅದರ ಮೇಲೆ ಬಡ್ಡಿ. 1975ರಲ್ಲಿ ಪ್ರೇಮಾ ಪುರವ ಅವರು ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿ, ಈ ಹೆಂಗಸರಿಗೆ ಬ್ಯಾಂಕಿನ ಸಾಲ ಸಿಗುವಂತೆ ಮಾಡಿದರು. ಏಳು ವರ್ಷಕ್ಕೆ, 1982ರ ಜನವರಿ 18ರಂದು, ಕಾರ್ಮಿಕ ನಾಯಕ ದತ್ತಾ ಸಾಮಂತರ ಕರೆಗೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಸಂಬಳವೇ ಇಲ್ಲದ ಮೇಲೆ ಖಾನಾವಳಿಯ ಬಾಕಿ ತೀರಿಸುವುದೆಲ್ಲಿಂದ? ಗಿರಣಿಯ ಜೊತೆಗೆ ಎಷ್ಟೋ ಒಲೆಗಳೂ ಆರಿದವು.

ಗಿರಣಿ ನೆಲದ ಕತೆ ನಿಮಗೆ ಗೊತ್ತಿರಲೇಬೇಕು, ನೀವಿರುವ ಕಟ್ಟಡಗಳಲ್ಲಿ ಹಲವು ಅದೇ ನೆಲದಲ್ಲಿ ಎದ್ದವು. 1991ರ ನಿಯಮದ ಪ್ರಕಾರ ಮೂರನೇ ಒಂದು ಪಾಲು ನಗರಪಾಲಿಕೆಗೆ, ಮತ್ತೊಂದು ಪಾಲು ಸರ್ಕಾರಿ ವಸತಿ ಸಂಸ್ಥೆ ಮ್ಹಾಡಾದ ವಸತಿಗೆ ಸಿಗಬೇಕಿತ್ತು. 2001ರ ತಿದ್ದುಪಡಿ ಆ ಹಂಚಿಕೆಯನ್ನು ಖಾಲಿ ಜಾಗಕ್ಕಷ್ಟೇ ಮಿತಿಗೊಳಿಸಿತು, 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಇದು ಅನ್ಯಾಯ ಎಂದೇ ನಾನು ನಂಬಿದ್ದೇನೆ. ಹಳೆಯ ಗಿರಣಿ ಆವರಣಗಳಲ್ಲಿ ಈಗ ದುಬಾರಿ ರೆಸ್ಟೋರೆಂಟುಗಳಿವೆ. ಕಮಲಾ ಮಿಲ್ಸಿನಲ್ಲಿ 2017ರ ಡಿಸೆಂಬರಿನ ಬೆಂಕಿಗೆ 14 ಜನ ಬಲಿಯಾದರು. ಸುರಕ್ಷತೆಯ ಪ್ರಶ್ನೆ ಎತ್ತುವುದಾದರೆ ಅಲ್ಲಿಯೂ ಎತ್ತಬೇಕು, ಗಲ್ಲಿಯಲ್ಲಿಯೂ ಎತ್ತಬೇಕು.

ನೀವು ಸರತಿಯಲ್ಲಿ ನಿಂತು ಕೈಮುಗಿಯುವ ಲಾಲ್‌ಬಾಗ್‌ಚಾ ರಾಜಾ ಕೂಡ ತಿನಿಸಿನ ಮಾರುಕಟ್ಟೆಯ ಹರಕೆಯಿಂದಲೇ ಬಂದವನು. 1932ರಲ್ಲಿ ಪೇರೂ ಚಾಳಿನ ಸಂತೆ ಮುಚ್ಚಿದಾಗ ಮೀನುಗಾರರೂ ವ್ಯಾಪಾರಿಗಳೂ ಕಾಯಂ ಜಾಗಕ್ಕಾಗಿ ಹರಕೆ ಹೊತ್ತರು. ಜಾಗ ಸಿಕ್ಕಿತು, 1934ರಲ್ಲಿ ಗಣಪತಿ ಕೂತ.

ನಾವು ತುಳುನಾಡಿನಿಂದ, ಘಟ್ಟದ ಮೇಲಿನಿಂದ ಬಂದವರು ಈ ನಗರದಲ್ಲಿ ಕಾಲೂರಿದ್ದು ಹೋಟೆಲಿನ ಅಡುಗೆಮನೆಗಳಲ್ಲಿ. ನಮ್ಮ ಹಿರಿಯರು ಹಗಲು ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದರು. ಆದ್ದರಿಂದ ಈ ಮಾತನ್ನು ನಿಮ್ಮ ಬಳಿ ಹಕ್ಕಿನಿಂದ ಹೇಳುತ್ತೇನೆ: ಗಲ್ಲಿಯ ಚಾಳುಗಳು ಪುನರ್‌ನಿರ್ಮಾಣಕ್ಕೆ ಬಂದಾಗ ನೆಲಮಾಳಿಗೆಯ ಪಾರ್ಕಿಂಗಿಗೆ ಸಿಗುವ ಗಮನ ಡಂಕ್‌ಗಳಿಗೂ ಸಿಗಲಿ. ರಸ್ತೆಗೆ ಮುಖಮಾಡಿದ ಜಾಗ, ಎತ್ತರದ ಹೊಗೆಕೊಳವೆ, ಕಟ್ಟಬಲ್ಲ ಬಾಡಿಗೆ, ಇಷ್ಟು ನಕ್ಷೆಯಲ್ಲೇ ಇರಬೇಕು. ಪರೇಲಿನ ಎಫ್ ದಕ್ಷಿಣ ವಾರ್ಡ್ ಕಚೇರಿಗೆ ನಿಮ್ಮ ಸೊಸೈಟಿಯ ಪರವಾಗಿ ಹಾಗೆಂದು ಒಂದು ಅರ್ಜಿ ಕೊಡಿ. ಈ ಬೇಸಿಗೆಯ ನಿಮ್ಮ ಮಸಾಲೆಯನ್ನೂ ಅಲ್ಲೇ ಕುಟ್ಟಿಸಿ.

ಇತಿ,
ನಿಮ್ಮವ, ಒಬ್ಬ ಮುಂಬಯಿ ಕನ್ನಡಿಗ